ಹದಿನೈದು ನಿಮಿಷದ ಭೇಟಿ, ಬೀಗ ಹಾಕಿದ ಚಹಾ ಪೆಟ್ಟಿಗೆ

ಪ್ರಶ್ನೆ: ನಮ್ಮ ಹವ್ಯಾಸಿ ತಂಡ 1830ರ ದಶಕದ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನಡೆಯುವ ನಾಟಕವನ್ನು ಕನ್ನಡದಲ್ಲಿ ಆಡಲು ತಯಾರಿ ನಡೆಸಿದೆ. ಪಾತ್ರಗಳಲ್ಲಿ ಹೆಚ್ಚಿನವರು ಮದುವೆಯಾಗದ ಅಥವಾ ಗಂಡ ತೀರಿಕೊಂಡ, ಮರ್ಯಾದಸ್ಥ ಮನೆತನದ ಹೆಂಗಸರು. ಒಬ್ಬರ ಮನೆಗೆ ಇನ್ನೊಬ್ಬರು ಹೋದರೆ ಕಾಲು ಗಂಟೆಗೆ ಎದ್ದುಬಿಡುತ್ತಾರೆ. ಸಂಜೆ ಚಹಾಕ್ಕೆ ಕರೆದರೆ ತೆಳ್ಳಗಿನ ಬ್ರೆಡ್ಡು ಬಿಟ್ಟು ಹೆಚ್ಚೇನೂ ಕೊಡುವುದಿಲ್ಲ. ಇದು ಜಿಪುಣತನವೋ ಬಿಂಕವೋ ಗೊತ್ತಾಗದೆ ನಟಿಯರು ಒದ್ದಾಡುತ್ತಿದ್ದಾರೆ. ಭೇಟಿ, ಚಹಾ, ಇಸ್ಪೀಟಿನ ದೃಶ್ಯಗಳನ್ನು ತಪ್ಪಿಲ್ಲದೆ ಕಟ್ಟಲು ಏನೇನು ತಿಳಿದಿರಬೇಕು?

ಉತ್ತರ: ಜಿಪುಣತನವೂ ಅಲ್ಲ, ಬಿಂಕವೂ ಅಲ್ಲ. ವರ್ಷಕ್ಕೆ 60 ಪೌಂಡ್ ಬರುವವಳೂ 300 ಪೌಂಡ್ ಬರುವವಳೂ ಒಂದೇ ಮೇಜಿನ ಸುತ್ತ ತಲೆ ತಗ್ಗಿಸದೆ ಕೂರಬೇಕಾದರೆ ಖರ್ಚಿಗೆ ಎಲ್ಲರೂ ಒಪ್ಪಿದ ಒಂದು ಮಿತಿ ಬೇಕು. ಆ ಮಿತಿಯೇ ಅವರ ಶಿಷ್ಟಾಚಾರ. ಕಾಲು ಗಂಟೆಯ ಭೇಟಿಯಲ್ಲಿ ಯಾರೂ ಯಾರಿಗೂ ತಿನ್ನಲು ಕೊಡಬೇಕಾಗಿಲ್ಲ. ಚಹಾದ ಜೊತೆ ಬ್ರೆಡ್ಡು ಬೆಣ್ಣೆ ಮಾತ್ರ ಎಂದು ಊರೇ ಒಪ್ಪಿಕೊಂಡಿದ್ದರೆ, ಅದಕ್ಕಿಂತ ಹೆಚ್ಚು ಕೊಡಲಾಗದವಳಿಗೆ ಅವಮಾನವಿಲ್ಲ. ಉಳ್ಳವಳು ಭರ್ಜರಿ ಊಟ ಹಾಕಿದರೆ ಅದೇ ಒರಟುತನ, ಏಕೆಂದರೆ ಇಲ್ಲದವಳು ಅದನ್ನು ತಿರುಗಿಸಲಾರಳು. ನಿಮ್ಮ ನಟಿಯರಿಗೆ ಇದೊಂದು ಮನದಟ್ಟಾದರೆ ಮುಖಭಾವ ತಾನಾಗಿಯೇ ಸರಿಹೋಗುತ್ತದೆ.

ಊರು ಹೇಗಿತ್ತೆಂದು ಕಣ್ಣಿಗೆ ಕಟ್ಟಬೇಕಾದರೆ ಚೆಷೈರ್ ಪ್ರಾಂತ್ಯದ ನಟ್ಸ್‌ಫರ್ಡ್ ಅನ್ನು ನೆನಪಿನಲ್ಲಿಡಿ. ಮ್ಯಾಂಚೆಸ್ಟರ್‌ನಿಂದ ಸುಮಾರು 25 ಕಿಲೋಮೀಟರ್. ರೈಲು ಬಂದದ್ದು 1862ರಲ್ಲಿ, ಅಲ್ಲಿಯವರೆಗೆ ಕುದುರೆ ಗಾಡಿಯೇ ಗತಿ. ಇಂಥ ಊರುಗಳಲ್ಲಿ ಹೆಂಗಸರೇ ಹೆಚ್ಚಿರಲು ಕಾರಣವಿದೆ. ಪಾದ್ರಿಯ, ವಕೀಲರ, ಸಣ್ಣ ಜಮೀನ್ದಾರರ ಗಂಡುಮಕ್ಕಳು ಸೈನ್ಯಕ್ಕೋ ನೌಕಾಪಡೆಗೋ ಮ್ಯಾಂಚೆಸ್ಟರ್‌ನ ವ್ಯಾಪಾರಕ್ಕೋ ಭಾರತಕ್ಕೋ ಹೊರಟುಹೋಗುತ್ತಿದ್ದರು. ಹೆಣ್ಣುಮಕ್ಕಳು ಉಳಿಯುತ್ತಿದ್ದರು. 1851ರ ಜನಗಣತಿಯಲ್ಲಿ ಬ್ರಿಟನ್ನಿನಲ್ಲಿ ಗಂಡಸರಿಗಿಂತ ಹೆಂಗಸರು 5 ಲಕ್ಷಕ್ಕೂ ಮಿಕ್ಕಿ ಹೆಚ್ಚಿದ್ದರು. ಮದುವೆಯಾದವಳ ಆಸ್ತಿ ಕಾನೂನಿನ ಪ್ರಕಾರ ಗಂಡನದ್ದು. 1870 ಮತ್ತು 1882ರ ಕಾಯ್ದೆಗಳು ಬರುವವರೆಗೂ ಹಾಗೇ ಇತ್ತು. ಅವಿವಾಹಿತೆಗೂ ವಿಧವೆಗೂ ಮಾತ್ರ ತನ್ನದೇ ಹಣ, ತನ್ನದೇ ಬೀಗದ ಕೈ. ಹಾಗಾಗಿ ಈ ಹೆಂಗಸರನ್ನು ಪಾಪದವರಂತೆ ಆಡಿಸಬೇಡಿ. ಅವರು ಮನೆಯ ಯಜಮಾನಿಯರು.

ಹಣ ಎಲ್ಲಿಂದ ಬರುತ್ತಿತ್ತು? ಬಹುಪಾಲು ಸರ್ಕಾರಿ ಸಾಲಪತ್ರಗಳ ಬಡ್ಡಿಯಿಂದ. ಕಾನ್ಸಲ್ಸ್ ಎಂದು ಕರೆಯುತ್ತಿದ್ದ ಈ ಪತ್ರಗಳಿಗೆ ವರ್ಷಕ್ಕೆ ನೂರಕ್ಕೆ 3ರಂತೆ ಬಡ್ಡಿ, ಆರು ತಿಂಗಳಿಗೊಮ್ಮೆ. ಮುಖಬೆಲೆಯಲ್ಲಿ 3000 ಪೌಂಡ್ ಇದ್ದವಳಿಗೆ ವರ್ಷಕ್ಕೆ 90 ಪೌಂಡ್. ಅದರಲ್ಲೇ ಬಾಡಿಗೆ, ಕಲ್ಲಿದ್ದಲು, ದೀಪ, ಬಟ್ಟೆ, ಚರ್ಚಿನ ಕಾಣಿಕೆ, ಒಬ್ಬ ಕೆಲಸದ ಹುಡುಗಿಯ ಸಂಬಳ. ಮನೆಗೆಲಸವನ್ನೆಲ್ಲ ಒಬ್ಬಳೇ ಮಾಡುವ ಹುಡುಗಿಗೆ ಊಟ ವಸತಿ ಕೊಟ್ಟು ವರ್ಷಕ್ಕೆ 6ರಿಂದ 10 ಪೌಂಡ್. ಗಂಡಾಳನ್ನು ಇಟ್ಟುಕೊಂಡರೆ 1777ರಿಂದ ಸರ್ಕಾರಕ್ಕೆ ತೆರಿಗೆ ಬೇರೆ ಕಟ್ಟಬೇಕಿತ್ತು. ಆದ್ದರಿಂದ ನಿಮ್ಮ ರಂಗದಲ್ಲಿ ಬಾಗಿಲು ತೆರೆಯುವವಳು ಹುಡುಗಿಯೇ ಆಗಿರಲಿ. ಸಮವಸ್ತ್ರದ ಬಟ್ಲರ್ ಬಂದರೆ ಇಡೀ ಮನೆಯ ಲೆಕ್ಕವೇ ತಪ್ಪುತ್ತದೆ.

ನಮ್ಮ ನಾಡಿಗೂ ಇಲ್ಲಿ ಒಂದು ಎಳೆ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೂರೆಯ ಹಣವನ್ನು ಈಸ್ಟ್ ಇಂಡಿಯಾ ಕಂಪನಿಯ ಕಡೆಯ ಸೇನೆಗೆ ದರ್ಜೆಗೆ ತಕ್ಕಂತೆ ಹಂಚಿದ್ದರು. ಕಂಪನಿಯ ಅಧಿಕಾರಿಗಳ ವಿಧವೆಯರಿಗೆ 1770ರಲ್ಲಿ ಸ್ಥಾಪನೆಯಾದ ಲಾರ್ಡ್ ಕ್ಲೈವ್ ನಿಧಿಯಿಂದ ಪಿಂಚಣಿಯೂ ಇತ್ತು. ಪಾತ್ರಗಳಲ್ಲಿ ಒಬ್ಬಳು ಇಂಥ ಅಧಿಕಾರಿಯ ವಿಧವೆ ಎಂದಾದರೆ ಅವಳ ಹೆಗಲಿಗೆ ಕಾಶ್ಮೀರಿ ಶಾಲು ಹೊದಿಸಿ. ಉಳಿದವರದ್ದು ಅದರ ನಕಲು, ಸ್ಕಾಟ್ಲೆಂಡಿನ ಪೇಸ್ಲಿಯಲ್ಲೋ ನಾರ್ವಿಚ್‌ನಲ್ಲೋ ನೇಯ್ದದ್ದು. ಪ್ರೇಕ್ಷಕರಿಗೆ ವ್ಯತ್ಯಾಸ ಕಾಣದೆ ಹೋಗಬಹುದು. ಆ ಕೋಣೆಯಲ್ಲಿ ಕೂತ ಹೆಂಗಸರಿಗೆ ಮಾತ್ರ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು, ಆ ನೋಟವನ್ನು ನಟಿಯರು ಆಡಬೇಕು.

ಈಗ ಭೇಟಿ. ಅದನ್ನು ‘ಬೆಳಗಿನ ಭೇಟಿ’ ಎಂದು ಕರೆದರೂ ನಡೆಯುತ್ತಿದ್ದುದು ನಡುಹಗಲು 12ರಿಂದ 3ರ ಆಸುಪಾಸಿನಲ್ಲಿ. ಆಗಿನ ಲೆಕ್ಕದಲ್ಲಿ ದೊಡ್ಡ ಊಟಕ್ಕೆ ಮುಂಚಿನದ್ದೆಲ್ಲ ಬೆಳಗ್ಗೆಯೇ. ಹಳೆಯ ಪದ್ಧತಿಯ ಸಣ್ಣ ಊರುಗಳಲ್ಲಿ ದೊಡ್ಡ ಊಟ 3 ಅಥವಾ 4 ಗಂಟೆಗೆ. 12ಕ್ಕೆ ಮುಂಚೆ ಯಾರ ಮನೆಯ ಬಾಗಿಲನ್ನೂ ಬಡಿಯುವಂತಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಯಜಮಾನಿಯೇ ತೋಳು ಮಡಚಿ ಹಿಟ್ಟು ನಾದುತ್ತಲೋ ಲೇಸು ತೊಳೆಯುತ್ತಲೋ ಇರುತ್ತಾಳೆ. ಅವಳಿಗೆ ಏಪ್ರನ್ ಬಿಚ್ಚಿ, ಒಳ್ಳೆಯ ಟೋಪಿ ಹಾಕಿಕೊಂಡು, ಅತಿಥಿಗಳನ್ನು ಕೂರಿಸುವ ಕೋಣೆಯಾದ ಪಾರ್ಲರಿನ ಅಗ್ಗಿಷ್ಟಿಕೆ ಹೊತ್ತಿಸಿ ಕೂರಲು ಸಮಯ ಕೊಡುವ ನಿಯಮ ಇದು. ಕಲ್ಲಿದ್ದಲಿಗೆ ದುಡ್ಡು. ಇಡೀ ದಿನ ಪಾರ್ಲರಿನಲ್ಲಿ ಬೆಂಕಿ ಉರಿಸಲಾಗದವಳು ಭೇಟಿಯ ಮೂರು ಗಂಟೆ ಮಾತ್ರ ಉರಿಸಿದರೆ ಸಾಕಾಗುತ್ತಿತ್ತು.

ರಂಗದ ಮೇಲೆ ಭೇಟಿಯ ಕ್ರಮ ಹೀಗೆ. ಹುಡುಗಿ ಬಾಗಿಲು ತೆರೆದು ‘ಅಮ್ಮಾವ್ರು ಮನೇಲಿದ್ದಾರೆ’ ಎನ್ನುತ್ತಾಳೆ, ಅಥವಾ ‘ಇಲ್ಲ’ ಎನ್ನುತ್ತಾಳೆ. ‘ಇಲ್ಲ’ ಎಂದರೆ ಊರಲ್ಲೇ ಇಲ್ಲ ಎಂದು ಅರ್ಥವಲ್ಲ, ಈಗ ಯಾರನ್ನೂ ನೋಡುವುದಿಲ್ಲ ಎಂದಷ್ಟೇ. ಅದರಿಂದ ಯಾರೂ ಸಿಟ್ಟಾಗುವುದಿಲ್ಲ, ಹೆಸರಿನ ಕಾರ್ಡು ಕೊಟ್ಟು ಹೊರಡುತ್ತಾರೆ. ತಾನೇ ಖುದ್ದಾಗಿ ಬಂದಿದ್ದೆ ಎಂದು ತೋರಿಸಲು ಕಾರ್ಡಿನ ಒಂದು ಮೂಲೆ ಮಡಚುವುದುಂಟು. ಒಳಗೆ ಕರೆದರೆ ಬಾನೆಟ್ (ಹೊರಗೆ ಹೋಗುವಾಗ ಗಲ್ಲದಡಿ ಕಟ್ಟಿಕೊಳ್ಳುವ ಟೋಪಿ), ಶಾಲು, ಕೈಗವಸು ಯಾವುದನ್ನೂ ತೆಗೆಯಬಾರದು. ಬಾನೆಟ್ ಬಿಚ್ಚಿದರೆ ‘ನಾನು ಊಟಕ್ಕೆ ಉಳಿಯುತ್ತೇನೆ’ ಎಂದ ಹಾಗೆ. ಮನೆಯೊಡತಿಯ ತಲೆಯ ಮೇಲೆ ಮಾತ್ರ ಬಿಳಿ ಮಸ್ಲಿನ್ ಟೋಪಿ, ಬಾನೆಟ್ ಅಲ್ಲ. ತಿಂಡಿ ತೀರ್ಥ ಏನೂ ಇಲ್ಲ. ಹವಾಮಾನ, ಚರ್ಚಿನ ಪ್ರವಚನ, ಯಾರದೋ ಕೆಮ್ಮು, ಇಷ್ಟೇ ಮಾತು. ಕಾಲು ಗಂಟೆಯಲ್ಲಿ ಮುಗಿಯಬೇಕಾದ್ದರಿಂದ ಮನಸ್ಸಿಗೆ ಹತ್ತಿರವಾದ ವಿಷಯ ಎತ್ತುವಂತಿಲ್ಲ, ಗಡಿಯಾರ ನೋಡುವಂತೆಯೂ ಇಲ್ಲ. ನಟಿಗೆ ಇದು ಒಳ್ಳೆಯ ಕೆಲಸ: ಹೊತ್ತನ್ನು ಮೈಯಲ್ಲೇ ಅಳೆಯುತ್ತ, ಮಾತನ್ನು ತುಂಡಾಗದಂತೆ ಮುಗಿಸುವುದು. ಮಧ್ಯೆ ಇನ್ನೊಬ್ಬರು ಬಂದರೆ ಮೊದಲು ಬಂದವಳು ತಟ್ಟನೆ ಏಳಬಾರದು, ಒಂದೆರಡು ಮಾತಾಡಿ ಏಳಬೇಕು. ತಟ್ಟನೆ ಎದ್ದರೆ ಹೊಸಬಳನ್ನು ತಪ್ಪಿಸಿಕೊಂಡು ಹೋದಂತೆ ಕಾಣುತ್ತದೆ. ಅವಳು ಎದ್ದಾಗ ಮನೆಯೊಡತಿಯೂ ಎದ್ದು ಗಂಟೆಯ ಹಗ್ಗ ಎಳೆಯುತ್ತಾಳೆ. ಹುಡುಗಿ ಬೀದಿ ಬಾಗಿಲು ತೆರೆದು ನಿಲ್ಲಲಿ ಎಂದು. ನಮ್ಮ ಹಾಗೆ ಗೇಟಿನವರೆಗೂ ಹೋಗಿ ಬೀಳ್ಕೊಡುವ, ಅಲ್ಲೇ ನಿಂತು ಇನ್ನರ್ಧ ಗಂಟೆ ಮಾತಾಡುವ ರೂಢಿ ಇಲ್ಲ. ತಾಲೀಮಿನಲ್ಲಿ ನಟಿಯರು ಬಾಗಿಲವರೆಗೆ ನಡೆದೇ ನಡೆಯುತ್ತಾರೆ, ಅದನ್ನು ತಿದ್ದಿ.

ಬಂದ ಭೇಟಿಯನ್ನು ಕೆಲವೇ ದಿನಗಳಲ್ಲಿ ತಿರುಗಿಸಬೇಕು. ಕಟ್ಟುನಿಟ್ಟಿನವರಿಗೆ ಮೂರೇ ದಿನ, ಸಾಮಾನ್ಯವಾಗಿ ಒಂದು ವಾರ. ಊರಿಗೆ ಹೊಸಬರು ಬಂದರೆ ಹಳಬರೇ ಮೊದಲು ಹೋಗಬೇಕು, ಹೊಸಬರು ಮೊದಲು ಬಾಗಿಲು ತಟ್ಟುವಂತಿಲ್ಲ. ಹಳಬರು ಯಾರೂ ಹೋಗದಿದ್ದರೆ ಆ ಮನೆಯವರು ವರ್ಷಗಟ್ಟಲೆ ಪರಿಚಯವಿಲ್ಲದವರಾಗಿಯೇ ಉಳಿಯುತ್ತಾರೆ. ‘ಅವರ ಮನೆಗೆ ಹೋಗೋದಾ ಬೇಡವಾ’ ಎಂಬ ಚರ್ಚೆಯೊಂದೇ ಅರ್ಧ ಅಂಕವನ್ನು ತುಂಬಬಲ್ಲದು, ಏಕೆಂದರೆ ಹೆಂಗಸರ ಕೈಯಲ್ಲಿದ್ದ ನಿಜವಾದ ಅಧಿಕಾರ ಅದು.

ಹೆಸರು ಕರೆಯುವುದರಲ್ಲಿ ಕನ್ನಡ ರೂಪಾಂತರಗಳು ಬಹಳ ಎಡವುತ್ತವೆ. ಮದುವೆಯಾಗದ ಅಕ್ಕತಂಗಿಯರಲ್ಲಿ ಹಿರಿಯಳಿಗೆ ಮಾತ್ರ ‘ಮಿಸ್’ ಜೊತೆಗೆ ಮನೆತನದ ಹೆಸರು. ಕಿರಿಯಳಿಗೆ ‘ಮಿಸ್’ ಜೊತೆಗೆ ಅವಳ ಸ್ವಂತ ಹೆಸರು. ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರ ಮನೆಯಲ್ಲಿ ಅಕ್ಕ ಕಸಾಂಡ್ರಾ ‘ಮಿಸ್ ಆಸ್ಟಿನ್’, ತಂಗಿ ಜೇನ್ ‘ಮಿಸ್ ಜೇನ್’. ಹಿರಿಯಳು ತೀರಿಕೊಂಡರೆ ಅಥವಾ ಮದುವೆಯಾದರೆ ಮುಂದಿನವಳು ಆ ಸ್ಥಾನಕ್ಕೆ ಏರುತ್ತಾಳೆ, ಆಗ ಊರಿನ ನಾಲಗೆಯೂ ಬದಲಾಗಬೇಕು. ನೆರೆಯವರು ಪರಸ್ಪರ ‘ಅಕ್ಕಾ’, ‘ಅತ್ತಿಗೆ’ ಎಂದು ಕರೆದರೆ ಸಂಬಂಧದ ದೂರವೇ ಅಳಿಸಿಹೋಗುತ್ತದೆ. ಮೂವತ್ತು ವರ್ಷದ ಗೆಳತಿಯರೂ ‘ಮಿಸ್’ ಅನ್ನುವುದನ್ನು ಬಿಡುತ್ತಿರಲಿಲ್ಲ. ನೀವೂ ‘ಮಿಸ್’, ‘ಮಿಸೆಸ್’ ಇಟ್ಟುಕೊಂಡು ‘ನೀವು’ ಬಳಸಿ. ಒಡಹುಟ್ಟಿದವರು ಮಾತ್ರ ಒಳಗಿನ ಕೋಣೆಯಲ್ಲಿ ಏಕವಚನಕ್ಕೆ ಇಳಿಯಲಿ.

ಸಂಜೆಯ ಚಹಾಕ್ಕೆ ಹೆಚ್ಚು ಜಾಗ ಕೊಡಿ, ಅಲ್ಲಿ ನೋಡಲು ತುಂಬ ಇದೆ. ನಾವು ಈಗ ಕೇಳುವ ನಾಲ್ಕು ಗಂಟೆಯ ‘ಆಫ್ಟರ್‌ನೂನ್ ಟೀ’ 1830ರಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ. ಇವರು ದೊಡ್ಡ ಊಟ ಮುಗಿಸಿ, ಸಂಜೆ 6ರ ಹೊತ್ತಿಗೆ ಚಹಾಕ್ಕೆ ಸೇರುತ್ತಿದ್ದರು. ಆಮೇಲೆ ಇಸ್ಪೀಟು, 9ಕ್ಕೆ ಒಂದು ತಟ್ಟೆ ಲಘು ಆಹಾರ, 10ಕ್ಕೆ ಎಲ್ಲರೂ ಮನೆಯಲ್ಲಿ. ಬಾನೆಟ್ಟಿನಡಿ ಒಳ್ಳೆಯ ಟೋಪಿ ಹಿಸುಕಿಹೋಗುತ್ತದೆಂದು ಅದನ್ನು ಬೇರೆ ಬುಟ್ಟಿಯಲ್ಲಿ ತಂದು, ಆ ಮನೆಯಲ್ಲೇ ಬದಲಾಯಿಸಿಕೊಳ್ಳುತ್ತಿದ್ದರು.

ಚಹಾ ಮಾಡುವವಳು ಮನೆಯೊಡತಿಯೇ, ಅದೂ ಎಲ್ಲರ ಎದುರಿಗೆ. ಕೆಲಸದ ಹುಡುಗಿಗೆ ಚಹಾ ಸೊಪ್ಪನ್ನು ಬಿಟ್ಟುಕೊಡುತ್ತಿರಲಿಲ್ಲ. ಒಂದು ಪೌಂಡ್ ತೂಕಕ್ಕೆ ಹಲವು ಶಿಲ್ಲಿಂಗ್ ಬೆಲೆ (20 ಶಿಲ್ಲಿಂಗಿಗೆ ಒಂದು ಪೌಂಡ್ ಹಣ). 1836ರಲ್ಲಿ ಅದರ ಮೇಲಿನ ಸುಂಕವೇ ಪೌಂಡಿಗೆ 2 ಶಿಲ್ಲಿಂಗ್ 1 ಪೆನ್ನಿ. ವಾರಕ್ಕೆ ಎರಡರಿಂದ ನಾಲ್ಕು ಶಿಲ್ಲಿಂಗ್ ಗಳಿಸುವ ಹುಡುಗಿಯ ಕೈಗೆ ಅದರ ಕೀಲಿ ಕೊಡುವುದು ಅವಳಿಗೂ ಕಷ್ಟ, ಇವರಿಗೂ ಕಷ್ಟ. ಹಾಗಾಗಿ ಬೀಗವಿರುವ ಮರದ ಪೆಟ್ಟಿಗೆ. ಒಳಗೆ ಎರಡು ಖಾನೆ: ಒಂದರಲ್ಲಿ ಕಪ್ಪು ಚಹಾ, ಇನ್ನೊಂದರಲ್ಲಿ ಹಸಿರು. ಹಸಿರು ಚಹಾ ನರಗಳನ್ನು ಕೆರಳಿಸಿ ನಿದ್ದೆಗೆಡಿಸುತ್ತದೆ ಎಂಬ ನಂಬಿಕೆ ಇತ್ತು, ಅದನ್ನು ಬೇಡ ಎನ್ನುವುದೂ ಒಂದು ಮಾತಿನ ವಿಷಯ. ಒಬ್ಬೊಬ್ಬರಿಗೆ ಒಂದು ಚಮಚ, ಕೆಟಲಿಗೆ ಇನ್ನೊಂದು. ಈ ಚಹಾ ಪೂರ್ತಿ ಚೀನಾದ್ದು. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರ ಜನವರಿಯಲ್ಲಿ. ಆದ್ದರಿಂದ ರಂಗದ ಮೇಲೆ ನಮ್ಮ ಕುದಿಸಿದ ಕೆಂಪು ಚಹಾ ಬೇಡ. ತಿಳಿ ಬಣ್ಣದ ಡಿಕಾಕ್ಷನ್ ಇರಲಿ, ಹಾಲು ಅಥವಾ ಕೆನೆ ಮೇಲಿಂದ ಒಂದಿಷ್ಟು.

ನೀರು ಕುದಿಯುತ್ತಲೇ ಇರಬೇಕಾದರೆ ಅರ್ನ್ ಎಂಬ ಪಾತ್ರೆ. ಅದರ ನಡುವೆ ಒಂದು ಕೊಳವೆ. ಅಡುಗೆಮನೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕಬ್ಬಿಣದ ತುಂಡನ್ನು ಇಕ್ಕಳದಲ್ಲಿ ತಂದು ಆ ಕೊಳವೆಗೆ ಇಳಿಸಿ ಮುಚ್ಚುತ್ತಾರೆ. ಕಬ್ಬಿಣ ನೀರಿಗೆ ತಾಗುವುದಿಲ್ಲ, ಆದರೆ ಬಿಸಿ ಉಳಿಯುತ್ತದೆ. ಹುಡುಗಿ ಕಬ್ಬಿಣವನ್ನು ಸರಿಯಾಗಿ ಕಾಯಿಸದೆ ತಂದರೆ ಎರಡನೇ ಸುತ್ತಿನ ಚಹಾ ಸಪ್ಪೆ. ಆಗ ಮನೆಯೊಡತಿ ಅತಿಥಿಗಳ ಮುಂದೆ ಗದರುವ ಹಾಗಿಲ್ಲ. ಎರಡನೇ ಬಟ್ಟಲಿಗೆ ಮುಂಚೆ ತಳದ ಗಸಿಯನ್ನು ಸುರಿಯಲು ಒಂದು ಬೋಗುಣಿ ಮೇಜಿನ ಮೇಲೇ ಇರುತ್ತದೆ. ಇದನ್ನು ರಂಗಸಜ್ಜಿಕೆಯವರು ಸಾಮಾನ್ಯವಾಗಿ ಮರೆಯುತ್ತಾರೆ.

ಬ್ರೆಡ್ಡು ಯಾಕೆ ಅಷ್ಟು ತೆಳು, ಅದು ಹೇಗೆ ಸಾಧ್ಯ ಎಂದು ನಟಿಯರು ಕೇಳಿದರೆ, ಮಾಡಿ ತೋರಿಸಿ. ಹಿಂದಿನ ದಿನದ ಇಡೀ ಬ್ರೆಡ್ಡು ತೆಗೆದುಕೊಳ್ಳಿ, ಇವತ್ತಿನದ್ದು ಕುಸಿದು ಹರಿಯುತ್ತದೆ. ಕೊಯ್ದ ಮುಖಕ್ಕೆ ಮೊದಲು ಮೆತ್ತಗಿನ ಬೆಣ್ಣೆ ಸವರಿ, ಆಮೇಲೆ ಚೂರಿಯಿಂದ ಪದರ ಇಳಿಸಬೇಕು. ಕೊಯ್ದ ಮೇಲೆ ಬೆಣ್ಣೆ ಹಚ್ಚಲು ಹೋದರೆ ತೆಳು ಪದರ ಮುದ್ದೆಯಾಗುತ್ತದೆ. ಪದರವನ್ನು ಸುರುಳಿ ಸುತ್ತಿ ಇಡಬಹುದು. ಜೊತೆಗೆ ಸೋಂಪಿನಂಥ ಕ್ಯಾರವೇ ಬೀಜ ಹಾಕಿದ ಕೇಕು ಇದ್ದರೆ ಅದು ಧಾರಾಳವೇ ಸರಿ.

ಸಕ್ಕರೆಯ ವಿಷಯ ನಿಮ್ಮ ನಾಟಕದಲ್ಲಿ ಇಲ್ಲದಿದ್ದರೆ ಸೇರಿಸಲು ಯೋಚಿಸಿ. ಸಕ್ಕರೆ ಶಂಕುವಿನಾಕಾರದ ಗಟ್ಟಿ ಅಚ್ಚಿನಲ್ಲಿ ಬರುತ್ತಿತ್ತು, ಅದನ್ನು ಇಕ್ಕಳದಿಂದ ತುಂಡು ಮಾಡಬೇಕು. ಅದು ಬರುತ್ತಿದ್ದುದು ಬಹುಪಾಲು ವೆಸ್ಟ್ ಇಂಡೀಸಿನಿಂದ, ಗುಲಾಮರ ದುಡಿಮೆಯಿಂದ. 1820ರ ದಶಕದಲ್ಲಿ ಈ ಸಕ್ಕರೆಯನ್ನು ಬಿಡುವ ಚಳವಳಿಯನ್ನು ಮನೆಮನೆಗೆ ಒಯ್ದವರು ಇಂಥದ್ದೇ ಹೆಂಗಸರು. ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್ 1824ರಲ್ಲೇ ಗುಲಾಮಗಿರಿ ಹಂತಹಂತವಾಗಿ ಅಲ್ಲ, ತಕ್ಷಣ ಹೋಗಬೇಕೆಂದು ಬರೆದರು. ಬರ್ಮಿಂಗ್‌ಹ್ಯಾಮಿನಲ್ಲಿ 1825ರಲ್ಲಿ ಹೆಂಗಸರದೇ ಸಂಘ ಹುಟ್ಟಿತು. ‘ಗುಲಾಮರು ಮಾಡಿದ್ದಲ್ಲ, ಈಸ್ಟ್ ಇಂಡಿಯಾ ಸಕ್ಕರೆ’ ಎಂದು ಬರೆದ ಸಕ್ಕರೆ ಬಟ್ಟಲುಗಳು ಮೇಜಿನ ಮೇಲೆ ಬಂದವು. ಮತದ ಹಕ್ಕಿಲ್ಲದ ಹೆಂಗಸು ತನ್ನ ಚಹಾ ಮೇಜಿನಲ್ಲೇ ನಿಲುವು ತೋರಿಸುವ ದಾರಿ ಅದು. ಗುಲಾಮಗಿರಿ ನಿಷೇಧದ ಕಾಯ್ದೆ ಬಂದದ್ದು 1833ರಲ್ಲಿ. ನಾಟಕ ಅದಕ್ಕಿಂತ ಮುಂಚೆ ನಡೆಯುವುದಾದರೆ ಒಬ್ಬಳು ಸಕ್ಕರೆ ಬೇಡವೆಂದು ಕೈ ಅಡ್ಡ ಹಿಡಿದರೆ ಸಾಕು, ಕೋಣೆಯ ಗಾಳಿಯೇ ಬದಲಾಗುತ್ತದೆ. ಹೆಂಗಸರ ಹರಟೆ ಎಂದು ತಳ್ಳಿಹಾಕುವ ಈ ಕೂಟಗಳಲ್ಲಿ ಏನೇನು ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ದೀಪ. ದಿನಬಳಕೆಗೆ ಪ್ರಾಣಿಕೊಬ್ಬಿನ ಬತ್ತಿ. ಹೊಗೆ, ವಾಸನೆ. ನೂಲಿನ ಬತ್ತಿ ತಾನಾಗಿ ಸುಟ್ಟು ಬೂದಿಯಾಗದೆ ಕರಿ ಕುಡಿಯಾಗಿ ನಿಲ್ಲುವುದರಿಂದ, ಕೆಲವು ನಿಮಿಷಕ್ಕೊಮ್ಮೆ ಪುಟ್ಟ ಪೆಟ್ಟಿಗೆಯಿರುವ ಕತ್ತರಿಯಿಂದ ಅದನ್ನು ಚಿವುಟಬೇಕು. ಇಲ್ಲದಿದ್ದರೆ ಬೆಳಕು ಕುಗ್ಗಿ ಕೊಬ್ಬು ಸೋರುತ್ತದೆ. ಹೆಣೆದ ಬತ್ತಿ ಬಂದ ಮೇಲೆ ಈ ಕೆಲಸ ತಪ್ಪಿತು. ಅತಿಥಿಗಳು ಬಂದಾಗ ಜೇನುಮೇಣದ ಬತ್ತಿ. ಬತ್ತಿಯ ಮೇಲಿನ ತೆರಿಗೆ 1831ರಲ್ಲಿ ಹೋದರೂ ಮೇಣ ದುಬಾರಿಯೇ. ರಂಗವನ್ನು ಬೆಳಕಿನಿಂದ ತುಂಬಬೇಡಿ, ಒಂದು ಮೇಜಿಗೆ ಎರಡು ಬತ್ತಿಯ ಬೆಳಕು ಸಾಕು.

ಇಸ್ಪೀಟಿಗೆ ಕೂರುವಾಗ ನಾಲ್ವರು ಅಥವಾ ಎಂಟು ಜನ ಎಂದು ಮೊದಲೇ ಲೆಕ್ಕ ಹಾಕಿ ಕರೆಯುತ್ತಿದ್ದರು, ಮಡಚುವ ಮೇಜು ಎರಡೇ ಇರುತ್ತಿದ್ದವು. ವಿಸ್ಟ್ ಆಟವಾದರೆ 52 ಎಲೆ, ಒಬ್ಬೊಬ್ಬರಿಗೆ 13, ಹಂಚುವವಳ ಕೊನೆಯ ಎಲೆ ತಿರುವಿದರೆ ಅದೇ ತುರುಫು, ಎದುರಿಗೆ ಕೂತವಳು ಜೋಡಿ. ಹಳಬರಿಗೆ ಪ್ರಿಯವಾದ ಕ್ವಾಡ್ರಿಲ್‌ಗೆ 8, 9, 10ರ ಎಲೆಗಳನ್ನು ತೆಗೆದು 40 ಎಲೆ. ಆಡುವಾಗ ಮಾತಿಲ್ಲ. ಹಣ ಪೆನ್ನಿಗಳ ಲೆಕ್ಕದಲ್ಲಿ, ಮೇಜಿನ ಮೇಲೆ ನಾಣ್ಯದ ಬದಲು ಚೀನಾದ ಕ್ಯಾಂಟನ್‌ನಿಂದ ಬರುತ್ತಿದ್ದ ಮುತ್ತಿನ ಚಿಪ್ಪಿನ ಬಿಲ್ಲೆಗಳು, ಕೆಲವು ಮೀನಿನಾಕಾರದವು. ಈಗಿನ ಪ್ಯಾಕನ್ನು ಮಾತ್ರ ಬಳಸಬೇಡಿ. ಆಗಿನ ಎಲೆಯ ಮೂಲೆ ಚೌಕ, ಮೂಲೆಯಲ್ಲಿ ಅಂಕಿಯಿಲ್ಲ, ಬೆನ್ನು ಸಾಮಾನ್ಯವಾಗಿ ಖಾಲಿ ಬಿಳಿ, ರಾಜ ರಾಣಿ ಗುಲಾಮರಿಗೆ ಎರಡು ತಲೆಯಿಲ್ಲ, ಪೂರ್ತಿ ದೇಹ. ಇಸ್ಪೀಟ್ ಎಕ್ಕ ಮಾತ್ರ ತುಂಬ ಕುಸುರಿಯದು, ತೆರಿಗೆ ಕಟ್ಟಿದ ಗುರುತು ಅದು. ಒಂದು ಪ್ಯಾಕಿನ ಮೇಲೆ 1801ರಿಂದ ಎರಡೂವರೆ ಶಿಲ್ಲಿಂಗ್ ತೆರಿಗೆ ಇತ್ತು, 1828ರಲ್ಲಿ 1 ಶಿಲ್ಲಿಂಗಿಗೆ ಇಳಿಯಿತು. ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿಕೊಳ್ಳಿ, ಎರಡನೇ ಸಾಲಿನವರೆಗೂ ಕಾಣುತ್ತದೆ.

ಪತ್ರದ ದೃಶ್ಯವಿದ್ದರೆ ಒಂದು ಮಾತು. 1840ರ ಜನವರಿಗೆ ಮುಂಚೆ ಅಂಚೆಯ ದುಡ್ಡನ್ನು ಸಾಮಾನ್ಯವಾಗಿ ಕೊಡುತ್ತಿದ್ದವರು ಪಡೆಯುವವರು, ದೂರಕ್ಕೂ ಹಾಳೆಗೂ ತಕ್ಕಂತೆ. ಎರಡು ಹಾಳೆಯಾದರೆ ಎರಡರಷ್ಟು. ಅದಕ್ಕೆ ಒಂದೇ ಹಾಳೆಯನ್ನು ಬರೆದು ತುಂಬಿಸಿ, ತಿರುಗಿಸಿ, ಅದೇ ಸಾಲುಗಳ ಮೇಲೆ ಅಡ್ಡಡ್ಡ ಮತ್ತೆ ಬರೆಯುತ್ತಿದ್ದರು. ಗೆಳತಿಗೆ ಖರ್ಚು ಹೊರಿಸಬಾರದೆಂಬ ಕಾಳಜಿ. ಓದುವ ನಟಿ ಹಾಳೆಯನ್ನು ಕಾಲು ಸುತ್ತು ತಿರುಗಿಸಲಿ.

ಬ್ಯಾಂಕು ಮುಳುಗುವ ಪ್ರಸಂಗ ಇಂಥ ಕಥೆಗಳಲ್ಲಿ ಬಂದೇ ಬರುತ್ತದೆ, ಅದು ಕಟ್ಟುಕಥೆಯಲ್ಲ. 1825ರ ಡಿಸೆಂಬರಿನ ಕುಸಿತದಲ್ಲಿ 60ಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು. 1826ರವರೆಗೆ ಊರ ಬ್ಯಾಂಕಿಗೆ ಆರಕ್ಕಿಂತ ಹೆಚ್ಚು ಪಾಲುದಾರರು ಇರುವಂತಿರಲಿಲ್ಲ, ಬಂಡವಾಳ ಸಣ್ಣದು. ಅವರು ಅಚ್ಚು ಹಾಕಿದ ನೋಟು ಕೈಯಲ್ಲಿದ್ದವರಿಗೆ ಒಂದೇ ದಿನದಲ್ಲಿ ಅದು ಬರಿ ಕಾಗದ. ಆಮೇಲೆ ಬಂದ ಷೇರು ಬ್ಯಾಂಕುಗಳಲ್ಲಿ ಇನ್ನೂ ದೊಡ್ಡ ಅಪಾಯ. ಬ್ಯಾಂಕು ಮುಳುಗಿದರೆ ಷೇರು ಹೊಂದಿದವಳು ತನ್ನ ಷೇರಿನ ಹಣವಷ್ಟೇ ಅಲ್ಲ, ಮನೆಯ ಚಮಚದವರೆಗೂ ಸಾಲಕ್ಕೆ ಹೊಣೆ. ಈ ಹೊಣೆಗೆ ಮಿತಿ ಹಾಕಿಕೊಳ್ಳಲು ಕಾನೂನು ಬ್ಯಾಂಕುಗಳಿಗೆ ಅವಕಾಶ ಕೊಟ್ಟದ್ದು 1858ರಲ್ಲಿ. ಆಮೇಲೆ ಅವಳು ಏನು ಮಾಡಬಹುದು? ಮನೆಯಲ್ಲೇ ಪುಟ್ಟ ಶಾಲೆ, ಉಳ್ಳವರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಕೆಲಸ, ಒಂದು ಕೋಣೆ ಬಾಡಿಗೆಗೆ. ಬೀದಿಗೆ ಮುಖ ಮಾಡಿದ ಅಂಗಡಿ ಇಟ್ಟರೆ ಭೇಟಿಯ ಬಳಗದಿಂದಲೇ ಹೊರಗೆ ಬೀಳುವ ಭಯ. ಇಲ್ಲೇ ಗೆಳತಿಯರು ಗುಟ್ಟಾಗಿ ಕೈಹಿಡಿಯಲು ಅವಕಾಶ, ಮತ್ತು ಅದು ಗುಟ್ಟಾಗಿಯೇ ಇರಬೇಕು. ನಿಮ್ಮ ಪಠ್ಯದಲ್ಲಿ ಅಂಥ ದೃಶ್ಯವಿದ್ದರೆ ಕಣ್ಣೀರು ಕಡಿಮೆ ಮಾಡಿ. ಹಣದ ಮೊತ್ತವನ್ನು ಯಾರೂ ಜೋರಾಗಿ ಹೇಳದಿರಲಿ.

ಕೊನೆಗೆ ಮನೆಗೆ ಹೊರಡುವುದು. ಬೀದಿದೀಪ ಕಡಿಮೆ, ಕೆಸರು ಹೆಚ್ಚು. ದೊಡ್ಡ ನೃತ್ಯಕೂಟಗಳನ್ನು ಹುಣ್ಣಿಮೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದುದೇ ದಾರಿ ಕಾಣಲೆಂದು. ಚಹಾಕೂಟಕ್ಕೆ ಹುಡುಗಿ ಲಾಂದ್ರ ಹಿಡಿದು ಮುಂದೆ ನಡೆಯುತ್ತಾಳೆ. ತೀರಾ ವಯಸ್ಸಾದವರಿಗೆ ಇಬ್ಬರು ಹೊರುವ ಕುರ್ಚಿ ಪಲ್ಲಕ್ಕಿ. ಉಳಿದವರ ಕಾಲಿಗೆ ಪ್ಯಾಟನ್: ಬೂಟಿನ ಕೆಳಗೆ ಕಟ್ಟುವ ಮರದ ಹಾವುಗೆ, ಅದರ ಅಡಿಗೆ ಕಬ್ಬಿಣದ ಬಳೆ, ನೆಲದಿಂದ ಒಂದೆರಡು ಅಂಗುಲ ಮೇಲೆ. ಒಳಗೆ ಬರುವಾಗ ಹೊಸ್ತಿಲಲ್ಲೇ ಬಿಚ್ಚಬೇಕು. ಅದರ ಸದ್ದಿಗೆ ಬೇಸತ್ತು ಚರ್ಚುಗಳು ಬಾಗಿಲಲ್ಲಿ ಸೂಚನೆ ಹಾಕುತ್ತಿದ್ದವು. ನಟಿಯರಿಗೆ ಅದನ್ನು ತೊಡಿಸಿ ನಡೆಸುವುದು ಅಪಾಯ, ಹಿಮ್ಮಡಿ ಜಾರುತ್ತದೆ. ನೇಪಥ್ಯದಲ್ಲಿ ಕಲ್ಲುಹಾಸಿನ ಮೇಲೆ ಎರಡು ಕಬ್ಬಿಣದ ಬಳೆಗಳನ್ನು ಬಡಿಯಿರಿ. ಮೊದಲು ನಾಲ್ಕು ಜೋಡಿ ಕಾಲಿನ ಸದ್ದು, ತಿರುವಿನಲ್ಲಿ ಎರಡು, ಆಮೇಲೆ ಒಂದು, ಅದು ನಿಂತ ಮೇಲೆ ದೂರದಲ್ಲಿ ಬಾಗಿಲಿನ ಅಗುಳಿ.